ದೇವರಿಗೆ ಹಾಕಿಸಿದ ಗಾಜು

ನಮ್ಮ ಅಡುಗೆಮನೆಯಲ್ಲಿ ಸಾಸಿವೆ ಡಬ್ಬಿಯ ಪಕ್ಕಕ್ಕೆ ಈಗ ಒಂದು ಕಟಿಂಗ್ ಪ್ಲೇಯರ್ ಬಂದು ಕೂತಿದೆ. ಮನೆಗೆ ಬಂದವರು ಅದನ್ನು ನೋಡುತ್ತಾರೆ, ನನ್ನ ಮುಖ ನೋಡುತ್ತಾರೆ, ಕೇಳಲೋ ಬೇಡವೋ ಎಂದು ಕಾಫಿ ಲೋಟದೊಳಗೆ ಇಣುಕುತ್ತಾರೆ. ನಮ್ಮ ಯಜಮಾನರು ಎಸ್ಟೇಟಿನಲ್ಲಿ ರೈಟರ್ ಆಗಿದ್ದವರು, ಆಳುಗಳ ಹಾಜರಿ ಬರೆದೂ ಬರೆದೂ ನಿವೃತ್ತರಾದವರು. ಯಾವ ಸಾಮಾನು ಎಲ್ಲಿರಬೇಕೋ ಅಲ್ಲೇ ಇರಬೇಕು ಅವರಿಗೆ. "ಏನೇ ಗಿರಿಜಾ, ಒಗ್ಗರಣೆಗೆ ಇದನ್ನೂ ಹಾಕ್ತೀಯಾ?" ಎಂದು ಮೊದಲ ದಿನ ಕೇಳಿದರು. ಆವತ್ತು ನನಗೆ ಬಂದಿದ್ದ ಸಿಟ್ಟಿನಲ್ಲಿ ಉತ್ತರ ಕೊಟ್ಟಿದ್ದರೆ ಅವರಿಗೆ ಊಟ ಸಿಗುತ್ತಿರಲಿಲ್ಲ.

ಸಿಟ್ಟು ಒಳ್ಳೆಯದಲ್ಲ ಅಂತ ನನಗೂ ಗೊತ್ತು. ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಅಂಗೈಯಲ್ಲಿ ಲಿಂಗವಿಟ್ಟು ಪೂಜೆ ಮಾಡುವವಳು ನಾನು. ಪೂಜೆ ಮುಗಿದ ಮೇಲೆ ಬೆರಳಿನ ಗೆಣ್ಣು ಹಿಡಿದು, ನಿನ್ನೆ ಶಿವ ನನಗೆ ಏನೇನು ಕೊಟ್ಟ ಎಂದು ಎಣಿಸಿಕೊಳ್ಳುವುದು ನನ್ನ ಅಭ್ಯಾಸ. ಹಾಲು ಉಕ್ಕಲಿಲ್ಲ, ಒಂದು. ಮಂಡಿ ಮೆಟ್ಟಿಲಿಳಿಯುವಾಗ ಮಾತ್ರ ನೋಯಿತು, ಹತ್ತುವಾಗ ನೋಯಲಿಲ್ಲ, ಎರಡು. ನಲ್ಲಿಯಲ್ಲಿ ನೀರು ಬಂದಾಗ ಕರೆಂಟೂ ಇತ್ತು, ಮೂರು. ಯಜಮಾನರು ಸಾರಿಗೆ ಉಪ್ಪು ಕಡಿಮೆ ಅಂದರು, ಆದರೂ ಎರಡನೇ ಸಲ ಹಾಕಿಸಿಕೊಂಡರು, ನಾಲ್ಕು. ಇಷ್ಟು ಚಿಕ್ಕ ಚಿಕ್ಕದಕ್ಕೆಲ್ಲ ಶಿವನನ್ನು ನೆನೆಯುವವಳಿಗೆ ಇಷ್ಟು ದೊಡ್ಡ ಸಿಟ್ಟು ಎಲ್ಲಿಂದ ಬಂತು ಅಂತ ತಿಳಿಯಬೇಕಾದರೆ ನೀವು ನನ್ನ ಜೊತೆ ಕೊಲ್ಲಿ ಪಾರ್ಕಿಗೆ ಬರಬೇಕು.

ಎರಡು ದಿಬ್ಬಗಳ ನಡುವೆ ಆಳಕ್ಕೆ ಇಳಿದುಹೋಗುವ ಕೊರಕಲಿಗೆ ನಮ್ಮ ಕಡೆ ಕೊಲ್ಲಿ ಅನ್ನುತ್ತಾರೆ. ಸಕಲೇಶಪುರದಲ್ಲಿ ನಮ್ಮ ಬಡಾವಣೆ ಒಂದು ದಿಬ್ಬದ ಮೇಲಿದೆ. ಎದುರಿನ ದಿಬ್ಬದಲ್ಲಿ ಸಾಲಾಗಿ ಕಟ್ಟಿದ ಹಳೆಯ ಲೈನ್ ಮನೆಗಳು, ಕಾಫಿ ಬೀಜ ಹದಮಾಡುವ ಕಾಫಿ ವರ್ಕ್ಸಿಗೆ ಕೂಲಿಗೆ ಹೋಗುವವರು ಇರುವುದು ಅಲ್ಲಿ. ನಡುವೆ ಕೊಲ್ಲಿ. ಅದರ ತಳದಲ್ಲೊಂದು ಹಳ್ಳ ಹರಿದು ಮುಂದೆ ಹೇಮಾವತಿ ಹೊಳೆಗೆ ಸೇರುತ್ತದೆ. ಹಿಂದೆ ನಮ್ಮ ಬಡಾವಣೆಯ ಕಸವೆಲ್ಲ ಹೋಗಿ ಬೀಳುತ್ತಿದ್ದುದು ಅಲ್ಲಿಗೇ. ಯಾರೋ ಒಬ್ಬ ಅಧಿಕಾರಿಗೆ ಒಳ್ಳೆಯ ಬುದ್ಧಿ ಬಂದು ಕಬ್ಬಿಣದ ಗೇಟು, ಇಳಿಯಲು ಮೆಟ್ಟಿಲು, ನಾಲ್ಕು ಸಿಮೆಂಟ್ ಬೆಂಚು ಹಾಕಿಸಿ ಇದು ಪಾರ್ಕ್ ಅಂದರು. ಆಮೇಲೆ ಅವರಿಗೆ ವರ್ಗವಾಯಿತು. ಪಾರ್ಕು ನಮ್ಮ ಪಾಲಿಗೆ ಉಳಿಯಿತು.

ಭಾನುವಾರ ಬೆಳಿಗ್ಗೆ ಆರೂವರೆಗೆ ನಾವು ಐದಾರು ಹೆಂಗಸರು ಪೊರಕೆ, ಮೊರ, ಕತ್ತಿ, ಖಾಲಿ ಸಿಮೆಂಟ್ ಚೀಲ ಹಿಡಿದು ಇಳಿಯುತ್ತೇವೆ. ಗಂಡಸರು ಏಳೂವರೆಗೆ ಬಂದು ಫೋಟೋಕ್ಕೆ ನಿಲ್ಲುತ್ತಾರೆ. ಅವರ ಕೈಗೆ ನಮ್ಮ ಪೊರಕೆಯನ್ನೇ ಕೊಡಬೇಕು, ಅವರವರ ಮನೆಯಿಂದ ತಂದವರನ್ನು ನಾನು ಕಂಡಿಲ್ಲ. ಫೋಟೋ ಆದ ತಕ್ಷಣ ಪೊರಕೆ ವಾಪಸ್ಸು. ಇರಲಿ, ಬಂದರಲ್ಲ ಅಂತ ಅದನ್ನೂ ಗೆಣ್ಣಿನ ಮೇಲೆ ಎಣಿಸಿದವಳು ನಾನು.

ಗೇಟಿನ ಪಕ್ಕದಲ್ಲಿ ಒಂದು ಕರಿಹಲಗೆ ಇದೆ. ಯಾವುದೋ ಶಾಲೆಗೆ ಬಿಳಿ ಬೋರ್ಡ್ ಬಂದಾಗ ಹೊರಗೆ ಹಾಕಿದ್ದು. ನನ್ನ ಅಕ್ಷರ ದುಂಡಗಿದೆ ಎಂಬ ಒಂದೇ ಕಾರಣಕ್ಕೆ ಅದು ನನ್ನ ಕೊರಳಿಗೆ ಬಿತ್ತು. ಈ ವಾರ ಒಂಬತ್ತು ಚೀಲ ಪ್ಲಾಸ್ಟಿಕ್ ಸಿಕ್ಕಿತು. ಬುಧವಾರ ನೀರು ಬರುವುದಿಲ್ಲ. ಮೂಲೆಮನೆಯ ಕರಿ ಬೆಕ್ಕು ಸಿಕ್ಕಿದೆ, ಮೀನಿನ ಅಂಗಡಿಯಲ್ಲಿತ್ತು. ಮೊಬೈಲಿನ ಗುಂಪಿನಲ್ಲಿ ಏನು ಬಂದರೂ ಅದು ಮಾತು, ಹಲಗೆಯ ಮೇಲೆ ಬಂದರೆ ಅದು ಸುದ್ದಿ. ಬೆಳಿಗ್ಗೆ ವಾಕಿಂಗ್ ಬರುವವರು ನಿಂತು ಓದುತ್ತಾರೆ, ನನಗೂ ಸ್ವಲ್ಪ ಜಂಬ ಬಂದಿತ್ತು. ಶಿವ ಅದಕ್ಕೂ ಮದ್ದು ಕೊಟ್ಟ. ಹಿಂದಿನ ಬೀದಿಯ ಅಜ್ಜನವರು ಆಸ್ಪತ್ರೆಯಲ್ಲಿ ತೀರಿಕೊಂಡರು ಅಂತ ಒಬ್ಬರು ಫೋನು ಮಾಡಿದ್ದನ್ನು ನಂಬಿ, ದುಂಡಗೆ ಬರೆದು, ಸುತ್ತ ಗೆರೆಯನ್ನೂ ಎಳೆದೆ. ಮೂರನೇ ದಿನ ಅಜ್ಜನವರು ಕೋಲೂರಿಕೊಂಡು ಬಂದು ತಮ್ಮ ಸಾವಿನ ಸುದ್ದಿಯನ್ನು ಎರಡು ಸಲ ಓದಿ, ಬಳಪ ಕೇಳಿ ಇಸಿದುಕೊಂಡು, ಕೆಳಗೆ 'ಇನ್ನೂ ಇಲ್ಲ' ಎಂದು ಬರೆದು ವಾಕಿಂಗ್ ಮುಂದುವರಿಸಿದರು.

ಸಾಕಮ್ಮ ನನಗೆ ಪರಿಚಯವಾಗಿದ್ದು ಈ ಹಲಗೆಯಿಂದ. ಎದುರಿನ ಲೈನಿನಲ್ಲಿ ಅವಳ ಮನೆ. ತವರು ಹೆಗ್ಗದ್ದೆ ಕಡೆ. ಕಾಫಿ ವರ್ಕ್ಸಿನಲ್ಲಿ ಕಾಳು ಆರಿಸುವ ಕೆಲಸ. ಒಡಕು, ಕರಿಕಾಳು, ಹುಳುಕು ಎಲ್ಲವನ್ನೂ ಬೆರಳಿನಲ್ಲಿ ಹೆಕ್ಕಿ ಬೇರೆ ಮಾಡುವುದು. ವರ್ಕ್ಸ್ ಇರುವುದು ನಮ್ಮ ದಿಬ್ಬದ ಕಡೆ, ರಸ್ತೆ ಸುತ್ತಿ ಬಂದರೆ ಅರ್ಧ ಗಂಟೆ, ಕೊಲ್ಲಿಯಲ್ಲಿ ಇಳಿದು ಹತ್ತಿದರೆ ಹತ್ತು ನಿಮಿಷ. ದಿನಾ ಬುತ್ತಿ ಚೀಲ ಹಿಡಿದು ಹತ್ತಿ ಬರುವಳು, ಓದಲು ಬಾರದು, ಆದರೂ ಹಲಗೆಯ ಮುಂದೆ ನಿಲ್ಲುವಳು.

"ಏನ್ ಬರ್ದಿದ್ದೀರವ್ವಾ ಇವತ್ತು?"

ನಾನು ಓದಿ ಹೇಳುವೆ.

"ಬರೀ ನಿಮ್ ಕಡೇದೇ ಆಯ್ತಲ್ಲ. ನಮ್ ಲೈನಿಂದೂ ಒಂದ್ ಹಾಕಿ."

"ಏನಾಗಿದೆ ಹೇಳು ನಿಮ್ಮ ಲೈನಲ್ಲಿ?"

"ನಮ್ ನಾಯಿ ಐದು ಮರಿ ಹಾಕೈತೆ. ಐದೂ ಕರೇವು. ಬೇಕಾದೋರು ಬಂದು ಹಿಡ್ಕಂಡೋಗ್ಲಿ ಅಂತ ಬರೀರಿ. ನಾಯಿಗೂ ಒಂದ್ ಹೆಸರು ಬಂದಂಗಾಯ್ತದೆ."

ಬರೆದೆ. ಐದು ಮರಿಯೂ ಹೋದವು. ಅಂದಿನಿಂದ ಸಾಕಮ್ಮ ನನ್ನ ವರದಿಗಾರ್ತಿ.

ಈಗ ಅತ್ತಿಮರಕ್ಕೆ ಬರೋಣ. ಮೆಟ್ಟಿಲು ಇಳಿದರೆ ಬಲಕ್ಕೆ ಒಂದು ದೊಡ್ಡ ಅತ್ತಿಮರ, ಎದುರು ದಿಬ್ಬಕ್ಕೆ ಹೋಗುವ ಕಾಲುದಾರಿ ಅದರ ಬುಡಕ್ಕೆ ಒತ್ತಿಕೊಂಡೇ ಹೋಗುತ್ತದೆ. ನಮ್ಮ ಬಡಾವಣೆಯ ಮಂದಿ ಕೊಲ್ಲಿಗೆ ಕಸ ಹಾಕುವುದನ್ನು ನಿಲ್ಲಿಸಿದರು, ಸುಳ್ಳು ಹೇಳಬಾರದು. ದೇವರನ್ನು ಹಾಕುವುದನ್ನು ನಿಲ್ಲಿಸಲಿಲ್ಲ. ಚೌಕಟ್ಟು ಬಿಟ್ಟ ಲಕ್ಷ್ಮಿ, ಗಾಜು ಒಡೆದ ಗಣಪತಿ, ಗೆದ್ದಲು ಹಿಡಿದ ಶಿವಪಾರ್ವತಿ, ಹೋದ ವರ್ಷದ ಕ್ಯಾಲೆಂಡರಿನ ವೆಂಕಟರಮಣ. ಮನೆಗೆ ಬಣ್ಣ ಹೊಡೆಸಿದಾಗ, ಮನೆ ಬದಲಾಯಿಸಿದಾಗ, ಬಣ್ಣದ ಲೈಟು ಮಿನುಗುವ ಹೊಸ ಫೋಟೋ ತಂದಾಗ, ಹಳೆಯದನ್ನು ಪೇಪರಿನಲ್ಲಿ ಸುತ್ತಿ ತಂದು ಮರದ ಬುಡಕ್ಕೆ ಒರಗಿಸಿ, ಕೈಮುಗಿದು, ಹಿಂದೆ ತಿರುಗಿ ನೋಡದೆ ಹೋಗುವುದು. ಕಸದ ಗಾಡಿಗೆ ಹಾಕಲು ಮನಸ್ಸು ಬರುವುದಿಲ್ಲ. ಮನೆಯಲ್ಲಿಟ್ಟುಕೊಳ್ಳಲು ಮನಸ್ಸಿಲ್ಲ. ಮರ ಬೇಡ ಅನ್ನುವುದಿಲ್ಲ.

ನಾವು ಗುಡಿಸುವವರಾದರೂ ಏನು ಮಾಡಿದೆವು? ಸುತ್ತಲೂ ಕನ್ನಡಿಯಂತೆ ಗುಡಿಸಿ ದೇವರ ರಾಶಿಯನ್ನು ಹಾಗೇ ಬಿಟ್ಟೆವು. ಮುಟ್ಟುವುದು ಹೇಗೆ, ಎಲ್ಲಿಗೆ ಒಯ್ಯುವುದು? ನಾನಂತೂ ಇನ್ನೂ ಒಂದು ಹೆಜ್ಜೆ ಮುಂದೆ ಹೋದೆ. ದೇವರು ಹೀಗೆ ಮಣ್ಣಿನಲ್ಲಿ ಕೂತಿದ್ದಾರಲ್ಲ ಎಂದು ನೀರು ಚಿಮುಕಿಸಿ, ಒಂದು ಎಳೆ ರಂಗೋಲಿ ಹಾಕಿದೆ. ಸೋಮವಾರ ನಾಲ್ಕು ಹೂವು ಇಟ್ಟೆ. ಕೆಲವು ದಿನದಲ್ಲಿ ಇನ್ನಾರೋ ದೀಪ ಹಚ್ಚಿದರು. ದೀಪ ಕಂಡ ಮೇಲೆ ಇನ್ನಷ್ಟು ದೇವರು ಬಂದರು. ಎಂಥಾ ಭಕ್ತಿ ನಮ್ಮ ಜನಕ್ಕೆ ಅಂತ ಸಂತೋಷಪಟ್ಟೆ ನೋಡಿ, ಆ ಸಂತೋಷವನ್ನು ನೆನೆಸಿಕೊಂಡರೆ ಈಗ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ನನ್ನ ತವರು ಆಲೂರು ತಾಲ್ಲೂಕು, ಕೆ. ಹೊಸಕೋಟೆಯ ಹತ್ತಿರ. ನಮ್ಮ ಅಜ್ಜಿಯ ಮನೆಯಲ್ಲಿ ಗೋಡೆಯ ಮೇಲೆ ದೇವರೇ ಇರಲಿಲ್ಲ. ಕೊರಳಲ್ಲಿ ಕಟ್ಟಿಕೊಂಡ ಲಿಂಗ, ಗೂಡಿನಲ್ಲಿ ವಿಭೂತಿ ಗಟ್ಟಿ, ಮುಗಿಯಿತು. ನಾನು ಮೂರನೇ ಕ್ಲಾಸಿನಲ್ಲಿದ್ದಾಗ ಅಪ್ಪ ಆಲೂರಿನ ಬಸ್ ನಿಲ್ದಾಣದ ಹತ್ತಿರ ಗಾಜು ಹಾಕಿಸಿದ ಒಂದು ಶಿವನ ಫೋಟೋ ತೆಗೆದುಕೊಂಡರು. ಬಸ್ಸಿನಲ್ಲಿ ಅದನ್ನು ನನ್ನ ತೊಡೆಯ ಮೇಲೆ ಇಟ್ಟರು. ಪ್ರತಿ ಗುಂಡಿಗೂ ನಾನು ಶಿವನನ್ನು ಎರಡು ಕೈಯಲ್ಲಿ ಎತ್ತಿ ಹಿಡಿಯುವುದು, ಬಸ್ಸಿನ ಕುಲುಕಾಟ ನಿಂತ ಮೇಲೆ ಇಳಿಸುವುದು. ಊರು ಸೇರುವಷ್ಟರಲ್ಲಿ ತೋಳು ಬಿದ್ದುಹೋಗಿತ್ತು. ಅಜ್ಜಿ ಫೋಟೋ ನೋಡಿ, "ಶಿವನ್ನೂ ಗಾಜಿನೊಳಗೆ ಹಾಕಿ ಮೊಳೆ ಹೊಡ್ಸ್ಕಂಡ್ ಬಂದ್ಯೇನೋ?" ಎಂದು ಅಪ್ಪನನ್ನು ಕೇಳಿದಳು. ಆರು ತಿಂಗಳು ಕಳೆಯುವುದರೊಳಗೆ ನನ್ನ ತಂಗಿಯ ಲಗೋರಿ ಚೆಂಡು ಬಡಿದು ಗಾಜು ಪುಡಿಯಾಯಿತು.

ಅಯ್ಯೋ ಅಪಶಕುನ ಅಂತ ಅಮ್ಮ ಕೂತಲ್ಲೇ ಕೂತಳು. ಅಜ್ಜಿ ಮಾತ್ರ ಒದ್ದೆ ಬಟ್ಟೆ ತಂದು ನೆಲವನ್ನು ಒತ್ತಿ ಒತ್ತಿ ಚೂರು ತೆಗೆದಳು. ಬೇಲಿಯ ಮೂಲೆಯಲ್ಲಿ ಮೊಳಕೈ ಆಳದ ಗುಂಡಿ ತೋಡಿಸಿ, ಗಾಜು ಹಾಕಿ, ಮಣ್ಣು ಮುಚ್ಚಿ, ಮೇಲೆ ಎರಡು ಕಲ್ಲು ಹೇರಿದಳು. "ದನ ತುಳುದ್ರೆ ಯಾರ್ ನೋಡ್ಕಂತಾರೆ" ಎಂದಳು. ಅಷ್ಟಾದ ಮೇಲೆಯೇ ಶಿವನ ಕಡೆ ತಿರುಗಿದ್ದು. ಗಂಜಿ ಹಚ್ಚಿ ಅವನನ್ನು ಗೋಡೆಗೆ ಅಂಟಿಸಿದಳು. ನನ್ನ ಮದುವೆಯಾಗುವವರೆಗೂ ಶಿವ ಅಲ್ಲೇ ಗಾಜಿಲ್ಲದೆ ಇದ್ದ. ಸ್ವಲ್ಪ ಹೊಗೆ ಹಿಡಿದ, ಬೇರೇನೂ ಆಗಲಿಲ್ಲ. ದೇವರಿಗೆ ಗಾಜು ಬೇಕು ಅಂತ ಯಾವ ದೇವರು ಕೇಳಿದ್ದಾನೆ? ಜಿರಳೆಗೆ ಹೆದರಿ ನಾವು ಹಾಕಿಸಿದ್ದು.

ಇಂಥ ಅಜ್ಜಿಯ ಮೊಮ್ಮಗಳು ನಾನು. ನಾಲ್ಕು ವರ್ಷದ ಹಿಂದೆ ಮನೆಗೆ ಬಣ್ಣ ಹೊಡೆಸಿದಾಗ, ನಮ್ಮತ್ತೆ ಪೂಜೆ ಮಾಡುತ್ತಿದ್ದ ಫೋಟೋ, ಮೂಲೆ ಬಿರುಕು ಬಿಟ್ಟ ಗಾಜಿನ ಸಮೇತ, ಪೇಪರಿನಲ್ಲಿ ಸುತ್ತಿಕೊಂಡು ಹೋಗಿ ಅತ್ತಿಮರಕ್ಕೆ ಒರಗಿಸಿ ಬಂದೆ. ಮನೆಗೆ ಬಂದು ಹಗುರಾಗಿ ಕಾಫಿ ಕುಡಿದೆ. ಇದನ್ನು ಇಲ್ಲಿಯೇ ಹೇಳಿಬಿಡುತ್ತೇನೆ, ಮುಂದೆ ನಾನು ಬೇರೆಯವರನ್ನು ಬಯ್ಯುವಾಗ ನೀವು ನನ್ನನ್ನು ದೊಡ್ಡವಳು ಅಂದುಕೊಳ್ಳಬಾರದು.

ಒಂದು ವಾರ ಸಾಕಮ್ಮ ಹಲಗೆಯ ಹತ್ತಿರ ಬರಲಿಲ್ಲ. ನೆಂಟರ ಮನೆಗೆ ಹೋಗಿರಬೇಕು ಅಂದುಕೊಂಡೆ. ಲೈನಿನ ಇನ್ನೊಬ್ಬಳು ಸಿಕ್ಕಿ, ಸಾಕಮ್ಮನನ್ನು ಹಾಸನದ ಆಸ್ಪತ್ರೆಗೆ ಹಾಕಿದ್ದಾರೆ, ಕಾಲಿಗೆ ಗಾಜು ಚುಚ್ಚಿ ಕೀವಾಗಿದೆ, ಸಕ್ಕರೆ ಕಾಯಿಲೆ ಬೇರೆ, ಕಾಲು ಉಳಿಯುವುದು ಕಷ್ಟ ಅನ್ನುತ್ತಿದ್ದಾರೆ ಎಂದಳು. ಮಾರನೇ ದಿನ ಬೆಳಗಿನ ಬಸ್ಸಿಗೆ ಹೋದೆ.

ಸಾಕಮ್ಮ ಗೋಡೆಗೆ ಒರಗಿ ಕೂತಿದ್ದಳು. ನನ್ನನ್ನು ಕಂಡು ಕಾಲಿನ ಮೇಲೆ ಸೆರಗು ಎಳೆದುಕೊಂಡಳು.

"ಜೋಮು ಹಿಡ್ದಿರೋ ಕಾಲು, ಚುಚ್ಚಿದ್ದೇ ತಿಳೀಲಿಲ್ಲ ಕಣವ್ವ. ವರ್ಕ್ಸಲ್ಲಿ ಕುಂತ್ಕಂಡು ಕಾಳು ಆರುಸ್ತಿದ್ದೆ. ಪಕ್ಕದೋಳು, ಸಾಕವ್ವ, ನಿನ್ ಕಾಲಡಿ ಏನೇ ಅದು ಕೆಂಪಗೈತೆ ಅಂದ್ಲು. ಅರಿಶಿನ ಮೆತ್ತಿ ಬಟ್ಟೆ ಕಟ್ದೆ. ರಜ ಹಾಕುದ್ರೆ ಕೂಲಿ ಹೋಯ್ತದಲ್ಲ. ನಾಲ್ಕು ದಿನಕ್ಕೆ ಊದ್ಬುಡ್ತು."

"ಎಲ್ಲಿ ಚುಚ್ಚಿದ್ದು?"

"ಅಲ್ಲೇ, ಅತ್ತಿಮರದ ತಾವ."

"ಚಪ್ಪಲಿ ಎಲ್ಲಿತ್ತು ನಿಂದು?"

"ಕೈಲಿತ್ತು."

"ಕೈಯಲ್ಲಿ ಯಾಕೆ ಹಿಡ್ಕೊಂಡಿದ್ದೆ? ನಿನಗೆ ಶುಗರ್ ಇದೆ, ಬರಿಗಾಲಲ್ಲಿ ನಡೀಬೇಡ ಅಂತ ಡಾಕ್ಟ್ರು ಹೇಳಿಲ್ವಾ?"

ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು. "ದೇವ್ರು ಕುಂತಿರೋ ತಾವ ಮೆಟ್ಟು ಹಾಕ್ಕಂಡು ಹೆಂಗವ್ವ ಹೋಗೋದು? ಮೊದ್ಲು ಹಾಕ್ಕಂಡೇ ಹೋಗ್ತಿದ್ದೆ. ನೀವು ರಂಗೋಲಿ ಬುಟ್ಟು ಹೂವ ಮಡುಗಿದ್ ಮೇಲೆ ಕೈಲಿ ಹಿಡ್ಕಳ್ತಿದ್ದೆ."

ಆಮೇಲೆ ಅವಳು ಏನೇನು ಮಾತಾಡಿದಳೋ ನನಗೆ ನೆನಪಿಲ್ಲ. ಹಾಸನದಿಂದ ಸಕಲೇಶಪುರದವರೆಗೆ ಬಸ್ಸಿನ ಕಿಟಕಿ ಪಕ್ಕ ಕೂತು ಬಂದೆ, ದಾರಿಯಲ್ಲಿ ಏನೂ ಕಾಣಲಿಲ್ಲ. ಕಸದ ರಾಶಿಯೊಂದಕ್ಕೆ ರಂಗೋಲಿ ಹಾಕಿ ಅದನ್ನು ಗುಡಿ ಮಾಡಿದವಳು ನಾನು. ಓದಲು ಬಾರದ ಹೆಂಗಸೊಬ್ಬಳು ನನ್ನ ರಂಗೋಲಿಯನ್ನು ಮಾತ್ರ ಸರಿಯಾಗಿ ಓದಿಕೊಂಡಿದ್ದಳು.

ಮನೆಗೆ ಬಂದು ಮೊಬೈಲ್ ತೆಗೆದರೆ ಬಡಾವಣೆಯ ಗುಂಪಿನಲ್ಲಿ ವಿಶಾಲಮ್ಮನ ಧ್ವನಿ. ವಿಶಾಲಮ್ಮ ನಮ್ಮ ಬಡಾವಣೆ ಸಂಘದ ಅಧ್ಯಕ್ಷ ರುದ್ರೇಶಪ್ಪನ ಹೆಂಡತಿ. ಪ್ರತಿ ಶ್ರಾವಣಕ್ಕೆ ದೇವರಮನೆಗೆ ಹೊಸ ಫೋಟೋ ತರಿಸುವವರು. ಕೆಟ್ಟವರಲ್ಲ, ನನ್ನ ಮಂಡಿಗೆ ಎಣ್ಣೆ ತಂದುಕೊಟ್ಟವರು. ಆದರೆ ಆ ದಿನ ಹೇಳಿದ್ದು ಇದು: "ಎಲ್ರಿಗೂ ನಮಸ್ಕಾರ. ಆ ಕಾಫಿ ವರ್ಕ್ಸ್ ಹೆಂಗ್ಸಿಗೆ ಹಿಂಗಾಗಿದ್ದು ಬೇಜಾರೇ. ಆದ್ರೂ ದೇವ್ರ ಮೇಲೆ ಕಾಲಿಟ್ರೆ ದೇವ್ರು ಸುಮ್ನಿರ್ತಾನಾ? ಎಲ್ರೂ ನೋಡ್ಕೊಂಡು ನಡೀರಿ." ಕೆಳಗೆ ಕೈಮುಗಿದ ಚಿತ್ರಗಳು ಸಾಲುಸಾಲಾಗಿ ಬಿದ್ದಿದ್ದವು.

ನಾನು ನೇರವಾಗಿ ಕೊಲ್ಲಿಗೆ ನಡೆದೆ. ಹಲಗೆಯನ್ನು ಪೂರ್ತಿ ಒರೆಸಿ ಬರೆದೆ: 'ಎದುರು ಲೈನಿನ ಸಾಕಮ್ಮನ ಕಾಲಿಗೆ ದೇವರ ಫೋಟೋದ ಗಾಜು ಚುಚ್ಚಿದೆ. ಅವಳು ದೇವರ ಮೇಲೆ ಕಾಲಿಡಲಿಲ್ಲ. ದೇವರಿದ್ದಾನೆಂದು ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡಿದ್ದಳು. ಗಾಜು ಇಟ್ಟವರು ನಾವು. ರಂಗೋಲಿ ಹಾಕಿದವಳು ನಾನು. ಗಿರಿಜ.' ಬಳಪ ಎರಡು ಸಲ ಮುರಿಯಿತು.

ಸಂಜೆಗೇ ರುದ್ರೇಶಪ್ಪ ಬಂದರು. ನಮ್ಮ ಜಗುಲಿಯ ತುದಿಯಲ್ಲಿ ಕೂತು ಟವಲ್ಲಿನಿಂದ ಮುಖ ಒರೆಸಿಕೊಂಡರು.

"ಗಿರಿಜಕ್ಕ, ಬೋರ್ಡಲ್ಲಿ ಇದೆಲ್ಲ ಯಾಕೆ? ಒಳ್ಳೇ ಸುದ್ದಿ ಹಾಕಿ. ಬಡಾವಣೆ ಹೆಸರು ಕೆಡಲ್ವಾ?"

"ಸುದ್ದಿ ಮಾಡೋಳು ನಾನಲ್ಲ ರುದ್ರೇಶಪ್ಪ. ಆಗಿದ್ದನ್ನ ಬರೀತೀನಿ."

"ಹೌದೌದು. ಬದುಕಿರೋರನ್ನೇ ಸಾಯಿಸಿದ ಬೋರ್ಡಲ್ವಾ ಅದು."

"ಸಾಯಿಸಿದ್ದೆ. ಅವರೇ ಬಂದು ತಿದ್ದಿಹೋದ್ರು. ಇದರಲ್ಲಿ ತಪ್ಪಿದ್ರೆ ನಿಮ್ಮನೆಯವರೇ ಬಂದು ತಿದ್ದಲಿ. ಬಳಪ ನಾನೇ ಕೊಡ್ತೀನಿ."

ಯಜಮಾನರು ಒಳಗಿನಿಂದ ಕೆಮ್ಮಿದರು. ಅವರು ಜಗಳಕ್ಕೆ ಹಾಕುವ ಸಹಿ ಅದು. ಯಾರ ಪರ ಅಂತ ತಿಳಿಯುವುದಿಲ್ಲ.

ಮರುದಿನ ಹಲಗೆ ಒದ್ದೆಯಾಗಿತ್ತು, ಅಕ್ಷರವಿರಲಿಲ್ಲ. ಮತ್ತೆ ಬರೆದೆ. ಮತ್ತೆ ಒರೆಸಿದರು. ಮತ್ತೆ ಬರೆದೆ. ನಾಲ್ಕನೇ ದಿನ ಹಲಗೆಯೇ ಕಾಣದ ಹಾಗೆ ಒಂದು ಫ್ಲೆಕ್ಸ್ ಕಟ್ಟಿದ್ದರು. 'ನಮ್ಮ ಕೊಲ್ಲಿ, ಸ್ವಚ್ಛ ಕೊಲ್ಲಿ'. ಮೇಲೆ ಅಧ್ಯಕ್ಷರಿಂದ ಹಿಡಿದು ಎಲ್ಲ ಗಂಡಸರ ಮುಖ. ಅವರ ಕೈಯಲ್ಲಿ ನಮ್ಮ ಪೊರಕೆ. ನನಗೆ ನಗು ಬರಬೇಕಿತ್ತು, ಬರಲಿಲ್ಲ. ಫ್ಲೆಕ್ಸಿನ ಕೆಳಗಿನ ಅಂಚನ್ನು ಎತ್ತಿ, ಒಳಗೆ ತಲೆ ತೂರಿಸಿ, ಅದೇ ಸಾಲುಗಳನ್ನು ಮತ್ತೆ ಬರೆದೆ. ಜನಕ್ಕೆ ಕುತೂಹಲ. ಗರ್ಭಗುಡಿಯ ಪರದೆ ಸರಿಸುವ ಹಾಗೆ ಫ್ಲೆಕ್ಸ್ ಎತ್ತಿ ಎತ್ತಿ ಓದಿದರು. ಮೊದಲು ಓದದೆ ಹೋಗುತ್ತಿದ್ದವರೂ ಓದಿದರು. ಆ ಸಂಜೆ ಯಜಮಾನರು ಪೆಟ್ಟಿಗೆಯಿಂದ ಕಟಿಂಗ್ ಪ್ಲೇಯರ್ ತೆಗೆದುಕೊಂಡು ಕೊಲ್ಲಿಗೆ ಹೋಗಿ ಬಂದರು. ಎಷ್ಟಾದರೂ ರೈಟರ್ ಆಗಿದ್ದವರು, ಪೂರ್ತಿ ಕೀಳುವ ಧೈರ್ಯವಿಲ್ಲ. ಕೆಳಗಿನ ಎರಡು ತಂತಿ ಮಾತ್ರ ಕತ್ತರಿಸಿದ್ದರು, ಎತ್ತುವವರಿಗೆ ಸಲೀಸಾಗಲಿ ಅಂತ. ಮದುವೆಯಾದಂದಿನಿಂದ ಅವರು ನನಗೆ ಕೊಟ್ಟ ಉಡುಗೊರೆಗಳಲ್ಲಿ ಅದು ದೊಡ್ಡದು.

ಆ ವಾರದಲ್ಲೇ ಸಾಕಮ್ಮನ ಎಡಗಾಲಿನ ಎರಡು ಬೆರಳು ತೆಗೆದರು.

ಗುಂಪಿನಲ್ಲಿ ಬಂತು: ಎರಡೇ ಬೆರಳು ಹೋಯಿತಂತೆ, ಪಾದ ಉಳಿಯಿತಂತೆ, ದೇವರು ದೊಡ್ಡವನು. ಯಾರು ಬರೆದರೆಂದು ಹೇಳುವುದಿಲ್ಲ, ಯಾರು ಬೇಕಾದರೂ ಬರೆಯಬಹುದಿತ್ತು, ಇನ್ನೊಂದು ತಿಂಗಳ ಹಿಂದಾಗಿದ್ದರೆ ನಾನೇ ಬರೆಯುತ್ತಿದ್ದೆ. ಬೆಳಿಗ್ಗೆ ಪೂಜೆ ಮುಗಿಸಿ ಗೆಣ್ಣು ಹಿಡಿದೆ. ಹಾಲು ಉಕ್ಕಲಿಲ್ಲ, ಒಂದು. ಸಾಕಮ್ಮನ ಪಾದ ಉಳಿಯಿತು ಎಂದು ಎರಡನೇ ಗೆಣ್ಣಿಗೆ ಹೆಬ್ಬೆರಳು ತಂದೆ. ಇಡಲಾಗಲಿಲ್ಲ. ಶಿವನೇ, ಇದನ್ನು ನಾನು ನಿನ್ನ ಕೊಡುಗೆ ಅಂತ ಎಣಿಸುವುದಿಲ್ಲ ಎಂದೆ. ನಾವು ಕಿತ್ತುಕೊಂಡಿದ್ದರಲ್ಲಿ ಸ್ವಲ್ಪ ಉಳಿದದ್ದನ್ನು ನಿನ್ನ ಹೆಸರಿಗೆ ಬರೆದು ನಾವು ಕೈ ತೊಳೆದುಕೊಳ್ಳುವುದು ಬೇಡ ಎಂದೆ. ಕೊರಳಿನ ಲಿಂಗವನ್ನು ಕಣ್ಣಿಗೊತ್ತಿಕೊಂಡೆ. ಅವನಿಗೆ ನನ್ನ ಮೇಲೆ ಸಿಟ್ಟಿರಲಿಲ್ಲ ಅಂತ ನನಗನ್ನಿಸಿತು.

ಭಾನುವಾರ ಕಟಿಂಗ್ ಪ್ಲೇಯರ್ ಸೊಂಟಕ್ಕೆ ಸಿಕ್ಕಿಸಿಕೊಂಡು ಅತ್ತಿಮರದ ಕೆಳಗೆ ಕೂತೆ. ಜೊತೆಗೆ ಪ್ರತಿ ವಾರ ನನ್ನ ಪಕ್ಕದಲ್ಲಿ ಗುಡಿಸುವ ಲಲಿತ. ಮೊದಲನೆಯ ಫೋಟೋ ಮಗುಚಿ, ಹಿಂಬದಿಯ ಮೊಳೆಗೆ ಪ್ಲೇಯರ್ ಹಾಕಿದೆ.

"ಗಿರಿಜಕ್ಕ, ಇದು ಪಾಪ ಅಲ್ವಾ?" ಎಂದಳು ಲಲಿತ.

"ಪಾಪ ಆಗೋದೆಲ್ಲ ಆಗ್ಬಿಟ್ಟಿದೆ ಕಣೇ. ಇದು ಬರೀ ಮೊಳೆ ಕೀಳೋದು."

ಮೊಳೆ ಕಿತ್ತರೆ ರಟ್ಟು ಬರುತ್ತದೆ, ರಟ್ಟು ತೆಗೆದರೆ ಚಿತ್ರ, ಚಿತ್ರದ ಕೆಳಗೆ ಗಾಜು. ಗಾಜನ್ನು ಗೋಣಿಚೀಲಕ್ಕೆ ಹಾಕಿ ಬಾಯಿ ಹೊಲಿದು ಗುಜರಿಯವನಿಗೆ ಕೊಡುವುದು. ಚಿತ್ರಗಳನ್ನು ಬಕೆಟ್ಟಿನ ನೀರಿನಲ್ಲಿ ನೆನೆಹಾಕಿ, ಮೂರು ದಿನದಲ್ಲಿ ಹಿಟ್ಟಿನಂತಾದ ಮೇಲೆ ಮೇಲಿನ ದಂಡೆಯ ಬಿಲ್ವದ ಗಿಡಕ್ಕೆ ಸುರಿಯುವುದು. ಚೌಕಟ್ಟು ನಮ್ಮ ಬಚ್ಚಲೊಲೆಗೆ. ಮೊದಲ ದಿನ ಅದನ್ನು ಉರಿಗೆ ಹಾಕಲು ಹಿಂಜರಿದೆ. ಯಜಮಾನರು ಸ್ನಾನ ಮುಗಿಸಿ ಬಂದು, "ನೀರು ಚೆನ್ನಾಗಿ ಕಾದಿತ್ತು, ಯಾವ ದೇವರದು?" ಎಂದರು. ಅಷ್ಟು ದಿನಗಳಲ್ಲಿ ನಾನು ನಕ್ಕಿದ್ದು ಆವತ್ತೇ.

ಹಲಗೆಯ ಮೇಲೆ, ಫ್ಲೆಕ್ಸಿನ ಅಡಿಯಲ್ಲಿ, ಹೊಸ ಸಾಲು ಬರೆದೆ. 'ದೇವರನ್ನು ತರುವವರು ಗಾಜು ತೆಗೆದು ತನ್ನಿ. ತೆಗೆಯಲು ಬಾರದಿದ್ದರೆ ಭಾನುವಾರ ಬನ್ನಿ, ತೆಗೆದುಕೊಡುತ್ತೇವೆ.' ಕೆಲವರು ಬಂದರು. ಕೆಲವರು ನಮ್ಮನ್ನು ಕಂಡು ವಾಪಸ್ಸು ಹೋದರು. ರಂಗೋಲಿಯನ್ನು ನಾನೇ ಕಾಲಿನಿಂದ ಅಳಿಸಿದೆ. ಹೌದು, ಕಾಲಿನಿಂದಲೇ, ಚಪ್ಪಲಿ ಹಾಕಿಕೊಂಡು.

ಎರಡು ತಿಂಗಳ ಮೇಲೆ ಒಂದು ಭಾನುವಾರ ಸಾಕಮ್ಮ ಇಳಿದು ಬಂದಳು. ವರ್ಕ್ಸಿನಲ್ಲಿ ಅವಳ ಜಾಗಕ್ಕೆ ಬೇರೆಯವಳನ್ನು ಸೇರಿಸಿಕೊಂಡಿದ್ದರು, ಸೀಸನ್ ಮುಗಿಯಲಿ ನೋಡೋಣ ಅಂದಿದ್ದರಂತೆ. ಕಾಲಿಗೆ ಆಸ್ಪತ್ರೆಯವರು ಹೇಳಿದ ಪಟ್ಟಿ ಚಪ್ಪಲಿ. ಎದುರು ದಿಬ್ಬದ ಕಾಲುದಾರಿಯಲ್ಲಿ ಒಂದೊಂದೇ ಹೆಜ್ಜೆಗೆ ಎರಡೂ ಕಾಲು ಜೋಡಿಸಿ ಇಳಿದು, ಮರದ ಹತ್ತಿರ ಬಂದು, ಅಭ್ಯಾಸಬಲದಿಂದ ಬಗ್ಗಿ ಪಟ್ಟಿ ಬಿಚ್ಚಲು ಹೋದಳು.

"ಬಿಚ್ಚಬೇಡ," ಎಂದೆ. ನಾನು ಅಂದುಕೊಂಡದ್ದಕ್ಕಿಂತ ಜೋರಾಗಿ ಬಂದಿರಬೇಕು. ಲಲಿತ ಬೆಚ್ಚಿಬಿದ್ದಳು.

"ನನ್ ಮ್ಯಾಲ್ಯಾಕವ್ವ ಸಿಟ್ಟು?" ಎಂದು ಸಾಕಮ್ಮ ಚಪ್ಪಲಿಯಲ್ಲೇ ಕೂತಳು. ಸುತ್ತ ನೋಡಿದಳು. "ಎಲ್ಲ ತೆಗ್ದಿದ್ದೀವಿ ಅಂತೀರಿ. ಆ ಮೊರ ಇತ್ಲಾಗ್ ಕೊಡಿ."

ಮರದ ಬುಡದ ಮಣ್ಣನ್ನು ಮೊರಕ್ಕೆ ತುಂಬಿಕೊಂಡು, ತಟ್ಟಿ, ಹರಡಿ, ಕಾಫಿ ಕಾಳು ಆರಿಸುವ ಹಾಗೆ ಬೆರಳ ತುದಿಯಲ್ಲಿ ಹೆಕ್ಕತೊಡಗಿದಳು. ನಾವು ಎಂಟು ವಾರ ಗುಡಿಸಿ ಸ್ವಚ್ಛ ಅಂದುಕೊಂಡಿದ್ದ ಮಣ್ಣು ಅದು. ಉಗುರಿನಷ್ಟು, ಅಕ್ಕಿಕಾಳಿನಷ್ಟು, ಸಾಸಿವೆಯಷ್ಟು ಗಾಜು. ನನ್ನ ಕನ್ನಡಕಕ್ಕೂ ಕಾಣದ್ದು ಅವಳ ಬೆರಳಿಗೆ ಸಿಗುತ್ತಿತ್ತು. ಮುಗಿದ ಮೊರವನ್ನು ಪಕ್ಕಕ್ಕೆ ಸುರಿದು ಇನ್ನೊಂದು ಮೊರ. "ಇಷ್ಟು ವರ್ಷ ಕರಿಕಾಳು ಆರ್ಸಿದ್ದು ಇದ್ಕೇ ಅಂತ ಕಾಣ್ತದೆ," ಎಂದಳು. ನಾನು ಮಣ್ಣು ತುಂಬಿಕೊಡುತ್ತಿದ್ದೆ.

ಮೂರನೆಯದೋ ನಾಲ್ಕನೆಯದೋ ಮೊರ. ಮೇಲೆ ಗೇಟಿನ ಹತ್ತಿರ ಸ್ಕೂಟರ್ ನಿಂತಿತು. ವಿಶಾಲಮ್ಮ. ಕಾಲಿನ ನಡುವೆ ಪೇಪರಿನಲ್ಲಿ ಸುತ್ತಿದ ಚೌಕನೆಯ ಗಂಟು, ಸಾಕಷ್ಟು ದೊಡ್ಡದು. ನಮ್ಮನ್ನು ನೋಡಿದರು. ಸಾಕಮ್ಮನನ್ನು ನೋಡಿದರು. ಎಂಜಿನ್ ಆಫ್ ಮಾಡಲಿಲ್ಲ.

"ಬನ್ನಿ ವಿಶಾಲಮ್ಮ," ಎಂದು ಕರೆದೆ. ನನ್ನ ದನಿಯನ್ನು ಆದಷ್ಟು ಮೆತ್ತಗೆ ಮಾಡಿಕೊಂಡೇ ಕರೆದೆ. "ಎರಡು ನಿಮಿಷ ಅಷ್ಟೇ. ಗಾಜು ತೆಗೆದುಬಿಡ್ತೀವಿ."

"ಬೇಡ ಗಿರಿಜಕ್ಕ. ಇದು ಹಂಗೆಲ್ಲ ಬಿಚ್ಚೋ ಫೋಟೋ ಅಲ್ಲ. ಹರಿಯೋ ನೀರಿಗೇ ಬಿಡ್ಬೇಕಂತೆ."

ಸ್ಕೂಟರ್ ತಿರುಗಿ ಹೊಳೆಯ ದಾರಿ ಹಿಡಿಯಿತು. ಲಲಿತ ಏನೋ ಬಯ್ಗುಳ ಶುರು ಮಾಡಿದಳು, ನಾನು ಅದಕ್ಕಿಂತ ದೊಡ್ಡದನ್ನು ಹುಡುಕುತ್ತಿದ್ದೆ. ಸಾಕಮ್ಮ ಮೊರವನ್ನು ಕೆಳಗಿಟ್ಟು, ಚಪ್ಪಲಿಯ ಪಟ್ಟಿಯನ್ನು ಬಿಗಿಮಾಡಿಕೊಂಡು, ಮರ ಹಿಡಿದು ಎದ್ದಳು.

"ಬೈಕಂಡು ಕುಂತ್ರೆ ಆಯ್ತದಾ? ಏಳ್ರವ್ವ. ಈ ಹೊತ್ನಲ್ಲಿ ಹೊಳೇಲಿ ಬಟ್ಟೆ ಒಗೆಯೋರು ಬರಿಗಾಲಲ್ಲಿ ನಿಂತಿರ್ತಾರೆ."

ನಾನು ಸೆರಗು ಸಿಕ್ಕಿಸಿಕೊಂಡು ಏಳುವಷ್ಟರಲ್ಲಿ ಅವಳು ಮೂರು ಮೆಟ್ಟಿಲು ಹತ್ತಿಯಾಗಿತ್ತು.